ಬೆಳಗಾವಿಯಿಂದ ಗೋವಾ ಕಡಲಿಗೆ ಕಾರೇ ಬೇಕೇನು?

"ಬೆಳಗಾವಿ ಕಡೆಯವರು ಗೋವಾ ಕಡಲು ನೋಡಬೇಕಾದರೆ ಕಾರು ಬೇಕೇ ಬೇಕು, ರೈಲು ಬರೀ ಸಮಯ ಹಾಳು" ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಈ ಮಾತು ನಾನು ಒಪ್ಪಲ್ಲ.

ಆ ರೈಲು ದಾರಿಯೇ ಅರ್ಧ ಪ್ರವಾಸ. ಲೋಂಡಾ ದಾಟಿ ಕ್ಯಾಸಲ್‌ರಾಕ್‌ಗೆ ಬಂದರೆ ಘಟ್ಟ ಶುರು. 1880ರ ದಶಕದಲ್ಲಿ, ಗೋವಾ ಪೋರ್ಚುಗೀಸರ ಕೈಯಲ್ಲಿದ್ದಾಗ, ಮೀಟರ್‌ಗೇಜ್ ಹಳಿ ಹಾಕಿದ ದಾರಿ ಇದು. 37 ಅಡಿ ಮುಂದೆ ಹೋದರೆ 1 ಅಡಿ ಇಳಿಜಾರು. ಗಾಡಿ ಘಟ್ಟ ಹತ್ತಬೇಕಾದರೆ ಹೆಚ್ಚಿನ ಎಂಜಿನ್ ಜೋಡಿಸಲೇಬೇಕು. ಒಂದರ ಹಿಂದೆ ಒಂದು ಸುರಂಗ, ನಡುವೆ ದೂಧ್‌ಸಾಗರ ಜಲಪಾತ. ಮಳೆಗಾಲದಲ್ಲಿ ಅದರ ತುಂತುರು ಕಿಟಕಿಯೊಳಗೇ ಬರುತ್ತದೆ. ಕಾರಿನಲ್ಲಿ ಹೋದವರಿಗೆ ಇದು ಸಿಗುತ್ತದಾ?

ಹೋದ ವರ್ಷ ಅವ್ವನನ್ನು ಕರೆದುಕೊಂಡು ಹೋಗಿದ್ದೆ. ಚಪಾತಿ, ಶೇಂಗಾ ಹಿಂಡಿ ಬುತ್ತಿ ಕಟ್ಟಿಕೊಂಡಿದ್ದೆವು. ಮಡಗಾಂವದಲ್ಲಿ ಲೋಕಲ್ ಗಾಡಿ ಹಿಡಿದು ಮಜೋರ್ಡಾದಲ್ಲಿ ಇಳಿದೆವು. ಅಲ್ಲಿಂದ ತೆಂಗಿನ ತೋಟ, ಹಳೇ ಮನೆಗಳ ನಡುವೆ ನಿಧಾನಕ್ಕೆ ನಡೆದೇ ಕಡಲು ಮುಟ್ಟಿದೆವು. ದಕ್ಷಿಣ ಗೋವಾದ ಆ ಮರಳು ದಂಡೆ 20 ಕಿ.ಮೀ.ಗೂ ಜಾಸ್ತಿ ಉದ್ದ ಇದೆ. ಕೋಲ್ವಾ ತನಕ ನೀರಿನ ಅಂಚಿನಲ್ಲೇ ನಡೆಯಬಹುದು. ಮಂಡಿನೋವಿನ ಅವ್ವ ಕೂಡ ಒದ್ದೆ ಮರಳಿನ ಮೇಲೆ ಎಷ್ಟು ದೂರ ನಡೆದಳು ಅಂತೀರಿ!

ಇನ್ನೊಂದು ಮಾತು. "ದೂಧ್‌ಸಾಗರದ ಹತ್ತಿರ ಇಳಿದು ಹಳಿ ಹಿಡಿದು ನಡೆಯಿರಿ" ಅಂದಿದ್ದೀರಲ್ಲ, ದಯವಿಟ್ಟು ಅದನ್ನು ತೆಗೆಯಿರಿ. ಹಳಿ ಮೇಲೆ ನಡೆಯುವುದನ್ನು ರೈಲ್ವೆ ನಿಷೇಧಿಸಿದೆ. ಸುರಂಗದೊಳಗೆ ಗಾಡಿ ಬಂದರೆ ಸರಿಯಲು ಜಾಗ ಎಲ್ಲಿದೆ?