ಬೆಳ್ಳುಳ್ಳಿ ಮುಟ್ಟದವರು

ರೊಮೇನಿಯಾದಲ್ಲಿ ನವೆಂಬರ್ 30 ಸಂತ ಆಂಡ್ರೇ ಹಬ್ಬ, ಮರುದಿನ ಡಿಸೆಂಬರ್ 1 ರಾಷ್ಟ್ರೀಯ ದಿನ. ಎರಡಕ್ಕೂ ರಜೆ. ಬುಕಾರೆಸ್ಟ್‌ನಲ್ಲಿ ಕೆಲಸ ಮಾಡುವ ನಮ್ಮ ಯಜಮಾನರಿಗೆ ಜೋಡಿ ರಜೆ ಕಂಡರೆ ಕಾಲು ನಿಲ್ಲುವುದಿಲ್ಲ. ಬೆಂಗಳೂರಿನಿಂದ ಬಂದಿದ್ದ ಅತ್ತೆಯನ್ನೂ ಕರೆದುಕೊಂಡು ಟ್ರಾನ್ಸಿಲ್ವೇನಿಯಾದ ರೈಲು ಹತ್ತಿದೆವು. ಅತ್ತೆ ಬಸವನಗುಡಿಯವರು. ಬೆಳ್ಳುಳ್ಳಿ ಎಂಬ ಪದಾರ್ಥ ಅವರ ಅಡುಗೆಮನೆಯ ಹೊಸ್ತಿಲು ದಾಟಿದ್ದೇ ಇಲ್ಲ. ಕೈಚೀಲದಲ್ಲಿ ಅವಲಕ್ಕಿ, ಚಟ್ನಿಪುಡಿ, ಜೊತೆಗೆ ಪುಟ್ಟ ಬೆಳ್ಳಿ ಡಬ್ಬಿಯಲ್ಲಿ ಮಂತ್ರಾಲಯದ ಮೃತ್ತಿಕೆ.

ಮೊದಲು ಬ್ರಾಶೋವ್. ಜರ್ಮನ್ ಸ್ಯಾಕ್ಸನರು ಕಟ್ಟಿ ಬೆಳೆಸಿದ ಕೋಟೆ ಊರು. ಅಲ್ಲಿನ ದೊಡ್ಡ ಇಗರ್ಜಿ 1689ರ ಬೆಂಕಿಗೆ ಸಿಕ್ಕಿ ‘ಕಪ್ಪು ಚರ್ಚ್’ ಎನಿಸಿಕೊಂಡಿತಂತೆ. ಈಗೇನೂ ಅಷ್ಟು ಕಪ್ಪಿಲ್ಲ. “ಮಸಿ ತಿಕ್ಕಿಸಿದಾರೆ, ಹೆಸರು ತಿಕ್ಕಿಸೋಕೆ ಮರೆತಿದಾರೆ” ಅಂದರು ಅತ್ತೆ. ಹತ್ತಿರದಲ್ಲೇ ಹಗ್ಗದ ಬೀದಿ. ಕೆಲವೆಡೆ ಅಗಲ ಬರೀ 111 ಸೆಂಟಿಮೀಟರ್. ಇವರು ಅಲ್ಲಿಗೆ ಸೂಟ್‌ಕೇಸ್ ಸಮೇತ ನುಗ್ಗಿದರು. ಎದುರಿನಿಂದ ಒಂದು ಪ್ರವಾಸಿ ಗುಂಪು ಬಂತು. ಅವರೂ ನಕ್ಕರು, ನಾವೂ ನಕ್ಕೆವು, ಯಾರೂ ಹಿಂದೆ ಸರಿಯಲಿಲ್ಲ. ಕೊನೆಗೆ ಅತ್ತೆಯೇ “ನಡೀರೋ ಹಿಂದಕ್ಕೆ” ಎಂದು ಗದರಿದಾಗ, ಕನ್ನಡದ ಗಂಧವಿಲ್ಲದ ಆ ಇಡೀ ಗುಂಪು ತೆಪ್ಪಗೆ ಹಿಂದೆ ನಡೆಯಿತು.

ಊಟದ ವಿಷಯದಲ್ಲಿ ನಮ್ಮ ಅದೃಷ್ಟ ಚೆನ್ನಾಗಿತ್ತು ಅಂದುಕೊಂಡಿದ್ದೆ. ಇಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರಿಗೆ ನವೆಂಬರ್ 15ರಿಂದ ಕ್ರಿಸ್‌ಮಸ್‌ವರೆಗೂ ಉಪವಾಸದ ಕಾಲ. ಕೇಳಿದರೆ ಹೋಟೆಲಿನವರು ‘ದೆ ಪೋಸ್ಟ್’ ಅಡುಗೆ ಕೊಡುತ್ತಾರೆ: ಮಾಂಸ, ಮೊಟ್ಟೆ, ಹಾಲು ಯಾವುದೂ ಇಲ್ಲ. ಅತ್ತೆಗೆ ಈ ದೇಶದ ಮೇಲೆ ಗೌರವ ಬಂತು. ಅರೆದ ಬೀನ್ಸ್ ಕಾಳಿನ ತಟ್ಟೆ ಬಂತು, ಘಮ್ಮೆಂದಿತು, ಗೌರವ ಹೊರಟುಹೋಯಿತು. “ಉಪವಾಸಕ್ಕೂ ಬೆಳ್ಳುಳ್ಳಿನಾ?”

ಇವರು ಮಾಣಿಯನ್ನು ಕರೆದು “ಫರ ಉಸ್ತುರೋಯ್”, ಬೆಳ್ಳುಳ್ಳಿ ಬೇಡ, ಅಂದರು. ಆತ ನಮ್ಮ ಮೂವರನ್ನೂ ಒಬ್ಬೊಬ್ಬರನ್ನಾಗಿ ನೋಡಿದ. ಅತ್ತೆ ಸೌಜನ್ಯಕ್ಕೆ ನಕ್ಕರು. ಅವರ ಹಲ್ಲಿನ ಸೆಟ್ಟು ಹೊಸದು, ಸ್ವಲ್ಪ ದೊಡ್ಡದೂ ಹೌದು. ಆಮೇಲೆ ಆತ ನಮ್ಮ ಮೇಜಿಗೆ ಬರಲೇ ಇಲ್ಲ. ಬಿಲ್ಲು ಬೇರೆಯವನು ತಂದುಕೊಟ್ಟ.

ಮರುದಿನ ಬ್ರಾನ್ ಕೋಟೆ. ಎಲ್ಲ ಅಂಗಡಿಯಲ್ಲೂ ಕಥೆಯ ರಕ್ತ ಹೀರುವ ಪ್ರೇತ ಡ್ರಾಕುಲಾ: ಟೀ ಶರ್ಟಿನಲ್ಲಿ, ಲೋಟದ ಮೇಲೆ. ನಿಜ ಹೇಳಬೇಕೆಂದರೆ 1897ರಲ್ಲಿ ಬಂದ ‘ಡ್ರಾಕುಲಾ’ ಕಾದಂಬರಿ ಬರೆದ ಬ್ರಾಮ್ ಸ್ಟೋಕರ್ ಟ್ರಾನ್ಸಿಲ್ವೇನಿಯಾಕ್ಕೆ ಕಾಲಿಟ್ಟವನೇ ಅಲ್ಲ. ಹೆಸರು ಕೊಟ್ಟ ವ್ಲಾದ್ ದೊರೆ ಶತ್ರುಗಳನ್ನು ಶೂಲಕ್ಕೇರಿಸುತ್ತಿದ್ದದ್ದು ನಿಜ. ಈ ಕೋಟೆಯಲ್ಲಿ ಸಂಸಾರ ಹೂಡಿದವನಲ್ಲ. 1920ರಲ್ಲಿ ಬ್ರಾಶೋವ್ ನಗರದವರು ಕೋಟೆಯನ್ನು ರಾಣಿ ಮರಿಯಾಗೆ ಉಡುಗೊರೆ ಕೊಟ್ಟರು, ಆಕೆ ಒಳಗೆಲ್ಲ ಚೆಂದ ಮಾಡಿಸಿದಳು. ಭೂತ ನೋಡಲು ಬಂದವರು ರಾಣಿಯ ಮಂಚ, ಬೀರು ನೋಡಿಕೊಂಡು ಹೋಗುತ್ತಾರೆ.

ಇವರು ಅಮ್ಮನನ್ನು ಹೆದರಿಸಲೆಂದು ಕಥೆ ಶುರುಮಾಡಿದರು. “ಅವನಿಗೆ ಬೆಳ್ಳುಳ್ಳಿ ಕಂಡರೆ ಆಗಲ್ಲಮ್ಮ.”

“ಹೌದೇನೋ?” ಅತ್ತೆಯ ಮುಖ ಅರಳಿತು.

“ಎಲ್ಲಿಗೇ ಹೋದರೂ ತನ್ನ ನೆಲದ ಮಣ್ಣು ಜೊತೆಗಿರಬೇಕು.”

ಅತ್ತೆ ಕೈಚೀಲ ಮುಟ್ಟಿ ನೋಡಿಕೊಂಡರು. “ಪಾಪ. ಯಾವ ಮಠದವನಂತೋ?”

ಆ ರಾತ್ರಿ ತಂಗಿದ್ದು ಹಳ್ಳಿಯ ಒಂದು ಮನೆಯಲ್ಲಿ. ಸಂತ ಆಂಡ್ರೇ ಹಬ್ಬದ ಹಿಂದಿನ ರಾತ್ರಿ ‘ಸ್ತ್ರಿಗೋಯ್’ಗಳು, ಅಂದರೆ ಗೋರಿಯಿಂದೆದ್ದ ಪ್ರೇತಗಳು, ಓಡಾಡುತ್ತವೆಂದು ಇಲ್ಲಿ ಹಳೆಯ ನಂಬಿಕೆ. ಮನೆಯೊಡತಿ ಅಜ್ಜಿ ಬಾಗಿಲು ಕಿಟಕಿಗೆಲ್ಲ ಬೆಳ್ಳುಳ್ಳಿ ಉಜ್ಜಿ, ನಮ್ಮ ಕೋಣೆಗೆ ಪ್ರೀತಿಯಿಂದ ಒಂದು ಜಡೆ ಬೆಳ್ಳುಳ್ಳಿಯನ್ನೇ ನೇತುಹಾಕಿದ್ದಳು. ಅತ್ತೆ ಒದ್ದೆ ಬಟ್ಟೆಯಲ್ಲಿ ಕಿಟಕಿ ಒರೆಸಿ, ಜಡೆಯನ್ನು ಕಾಗದದಲ್ಲಿ ಹಿಡಿದು ಹೊರಗಿನ ಹಿಮಕ್ಕೆ ಎಸೆದರು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ತಲೆಗೆ ನೀರು ಹಾಕಿಕೊಂಡು, ಕೆನ್ನೆಗೆ ಅರಿಶಿನ ಬಳಿದು, ಹಣೆಗೆ ಕಾಸಗಲ ಕುಂಕುಮವಿಟ್ಟು, ಕೂದಲು ಹರಡಿಕೊಂಡು, ಮೆಲ್ಲಗೆ ಸ್ತೋತ್ರ ಗೊಣಗುತ್ತ ಕತ್ತಲ ನಡುಮನೆಯಲ್ಲಿ ಬಿಸಿನೀರು ಹುಡುಕುತ್ತಿದ್ದಾಗ ಅಜ್ಜಿ ಎದುರಾದಳು.

ಅಜ್ಜಿ ಶಿಲುಬೆ ಹಾಕಿಕೊಂಡಳು. ಅತ್ತೆ ಅದನ್ನು ನಮಸ್ಕಾರವೆಂದು ತಿಳಿದು ಕೈಮುಗಿದು, ಹಲ್ಲು ಬಿಟ್ಟು ನಕ್ಕರು.

ತಿಂಡಿಗೆ ಮಮಲಿಗ, ನಮ್ಮ ಮುದ್ದೆಯ ಮೆಕ್ಕೆಜೋಳದ ತಮ್ಮ. ಪಕ್ಕದಲ್ಲಿ ಬಟ್ಟಲು ತುಂಬ ‘ಮುಜ್ದೇಯ್’, ಅಚ್ಚ ಬೆಳ್ಳುಳ್ಳಿ ಗೊಜ್ಜು. ಅಜ್ಜಿ ಬೇರೆ ಯಾರಿಗೂ ಕೊಡದೆ ಬಟ್ಟಲನ್ನು ಅತ್ತೆಯ ಮುಂದೆಯೇ ತಳ್ಳಿ, ಕಣ್ಣು ಮಿಟುಕಿಸದೆ ಕೂತಳು. ಅತ್ತೆ ಮೂಗಿಗೆ ಸೆರಗು ಹಿಡಿದು ಹಿಂದಕ್ಕೆ ತಳ್ಳಿದರು. ಅಜ್ಜಿ ಮತ್ತೆ ಮುಂದಕ್ಕೆ. ಅತ್ತೆ ಮತ್ತೆ ಹಿಂದಕ್ಕೆ. ಅಜ್ಜಿಯ ಕೈ ನಡುಗಲು ಶುರುವಾದಾಗ ಇವರು ಬಟ್ಟಲೆತ್ತಿ, ಮನೆತನದ ಮಾನಕ್ಕಾಗಿ ಗಟಗಟನೆ ಕುಡಿದುಬಿಟ್ಟರು.

ಅಜ್ಜಿಗೆ ಸಮಾಧಾನವಾಯಿತು. ವಾಪಸ್ ಬಸ್ಸಿನಲ್ಲಿ ಅತ್ತೆ ಮಗನ ಪಕ್ಕ ಕೂರಲಿಲ್ಲ, ನಾನೂ ಕೂರಲಿಲ್ಲ. ಬ್ರಾಶೋವ್ ಮುಟ್ಟುವವರೆಗೂ ಅತ್ತೆ ಕಿಟಕಿ ಕಡೆ ಮುಖ ಮಾಡಿ, “ಆ ಡ್ರಾಕುಲಾನೇ ವಾಸಿ” ಅನ್ನುತ್ತಲೇ ಇದ್ದರು.