ಪುಟ್ಟ ಮಕ್ಕಳ ಓಟಕ್ಕೆ ಸೆಲೆಕ್ಷನ್ ಯಾಕೆ?

ಒಂದನೇ, ಎರಡನೇ ಕ್ಲಾಸಿನ ಮಕ್ಕಳ ರನ್ನಿಂಗ್ ರೇಸಿಗೆ ಸೆಲೆಕ್ಷನ್ ಇಡಬಾರದು. ಓಡುತ್ತೀನಿ ಅನ್ನೋ ಮಗುವಿಗೆಲ್ಲ ಓಡೋಕೆ ಬಿಡಬೇಕು. ಸುಮ್ನೆ ಹೇಳುತ್ತಿಲ್ಲ, ನಮ್ಮ ಮನೆಯಲ್ಲೇ ಕಣ್ಣಾರೆ ನೋಡುತ್ತಿದ್ದೇನೆ.

ನನ್ನ ತಮ್ಮನ ಮಗಳಿಗೆ ಏಳು ವರ್ಷ. ಈ ಸಲ ಸ್ಪೋರ್ಟ್ಸ್ ಡೇಯಲ್ಲಿ ಎಲ್ಲರಿಗೂ ಓಟ ಇದೆ ಅಂತ ಗೊತ್ತಾದ ದಿನದಿಂದ ಅವಳ ಕಾಲು ಒಂದು ಕಡೆ ನಿಲ್ಲುತ್ತಿಲ್ಲ. ಬೆಳಗ್ಗೆ ಅಜ್ಜಿ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡೋ ಹೊತ್ತಿಗೆ ಇವಳೂ ಹಾಜರು. ಒಂದು ಹಿಡಿ ರಂಗೋಲಿ ಪುಡಿ ಇಸ್ಕೊಂಡು ಬೀದಿಗೆ ಅಡ್ಡಲಾಗಿ ಒಂದು ಗೆರೆ, ಕರೆಂಟ್ ಕಂಬದ ಹತ್ತಿರ ಇನ್ನೊಂದು ಗೆರೆ. "ಅತ್ತೆ, ನೀನು ಒನ್ ಟೂ ತ್ರೀ ಹೇಳು. ತ್ರೀ ಲೇಟಾಗಿ ಹೇಳ್ಬೇಡ" ಅಂತ ನನಗೆ ತಾಕೀತು. ಬಲಗಾಲು ಮುಂದಿಟ್ಟು, ಮುಷ್ಟಿ ಬಿಗಿದು, ತುಟಿ ಕಚ್ಚಿಕೊಂಡು ನಿಲ್ಲುತ್ತಾಳೆ. ನಾನು ಟೂ ಅನ್ನೋದರೊಳಗೆ ಅರ್ಧ ದಾರಿ! ವಾಪಸ್ ಕರೆದರೆ ಬೇಜಾರೇ ಇಲ್ಲ. ಇನ್ನೊಂದು ಸಲ ಓಡೋಕೆ ಸಿಕ್ಕಿತಲ್ಲ ಅಂತ ಖುಷಿ. ದೊಡ್ಡವರ ಓಟದಲ್ಲಿ 2010ರಿಂದ ಒಂದೇ ಒಂದು ಫಾಲ್ಸ್ ಸ್ಟಾರ್ಟ್, ಅಂದರೆ ಸಿಗ್ನಲ್‌ಗೆ ಮೊದಲೇ ಓಡಿಬಿಡೋದು, ಆದರೂ ಹೊರಕ್ಕೆ. 2011ರ ವಿಶ್ವ ಚಾಂಪಿಯನ್‌ಷಿಪ್‌ನ 100 ಮೀಟರ್ ಫೈನಲ್‌ನಲ್ಲಿ ಉಸೇನ್ ಬೋಲ್ಟ್ ಕೂಡ ಹಾಗೇ ಹೊರಬಿದ್ದರು. ಪುಟ್ಟ ಮಕ್ಕಳಿಗೆ ಆ ರೂಲ್ಸ್ ಬೇಡ. ಮತ್ತೆ ಕರೆದು ನಿಲ್ಲಿಸಿದರೆ ಆಯಿತು, ಅಲ್ವಾ?

ಈ ವಯಸ್ಸಿನವರು ಓಡೋದನ್ನು ನೋಡಬೇಕು. ಪಕ್ಕದವಳು ಎಲ್ಲಿದ್ದಾಳೆ ಅಂತ ಓಡುತ್ತಲೇ ತಿರುಗಿ ನೋಡುತ್ತಾರೆ. ಗೆರೆ ಹತ್ತಿರ ಬಂತು ಅಂದರೆ ನಿಧಾನ ಮಾಡಿ, ಸರಿಯಾಗಿ ಗೆರೆ ಮೇಲೆ ಬಂದು ನಿಂತುಬಿಡುತ್ತಾರೆ. ನಮ್ಮ ಕಾಲದ ಪಿ.ಟಿ. ಮೇಷ್ಟ್ರು ಗೆರೆಯಿಂದ ನಾಲ್ಕು ಹೆಜ್ಜೆ ಆಚೆ ನಿಂತು "ಗೆರೆ ನೋಡ್ಬೇಡ, ನನ್ನನ್ನ ಬಂದು ಮುಟ್ಟು" ಅನ್ನುತ್ತಿದ್ದರು. ಈಗ ಕಂಬದ ಆಚೆ ನಿಲ್ಲೋ ಕೆಲಸ ನನ್ನ ತಮ್ಮನದು.

ಹೋದ ವರ್ಷ ಇದೇ ಹುಡುಗಿ ಶಾಮಿಯಾನದ ಕೆಳಗೆ ಜಮಖಾನದ ಮೇಲೆ ಕೂತು ಬೇರೆಯವರಿಗೆ ಚಪ್ಪಾಳೆ ತಟ್ಟಿದ್ದಳು. ಕ್ಲಾಸಿಗೆ ನಾಲ್ಕೇ ಜನ ಅಂತ ಮೊದಲೇ ಆರಿಸಿಬಿಟ್ಟಿದ್ದರು. ಸಂಜೆ ಮನೆಗೆ ಬಂದು "ನಾನು ಓಡಿದ್ರೆ ತಾನೇ ಗೊತ್ತಾಗೋದು?" ಅಂದಳು. ಆ ಪ್ರಶ್ನೆಗೆ ನಮ್ಮ ಮನೆಯ ದೊಡ್ಡವರ ಹತ್ತಿರ ಉತ್ತರ ಇರಲಿಲ್ಲ.

ಇನ್ನೊಂದು ವಿಷಯ ಯಾರೂ ಯೋಚಿಸೋದಿಲ್ಲ. ನಮ್ಮ ರಾಜ್ಯದಲ್ಲಿ ಒಂದನೇ ಕ್ಲಾಸಿಗೆ ಸೇರಿಸೋಕೆ ಜೂನ್ 1ಕ್ಕೆ ವಯಸ್ಸು ಲೆಕ್ಕ ಹಾಕುತ್ತಾರೆ. ಹಾಗಾಗಿ ಒಂದೇ ಬೆಂಚಿನಲ್ಲಿ ಕೂತ ಇಬ್ಬರ ನಡುವೆ ಹತ್ತು ಹನ್ನೊಂದು ತಿಂಗಳ ಅಂತರ ಇರಬಹುದು. ನಮ್ಮಂಥ ದೊಡ್ಡವರಲ್ಲಿ ಅದು ಲೆಕ್ಕಕ್ಕೇ ಬರೋದಿಲ್ಲ. ಆರೇಳು ವರ್ಷದವರಲ್ಲಿ ಎತ್ತರ, ಕಾಲಿನ ಬಲ ಎಲ್ಲ ಬೇರೆಯಾಗಿಬಿಡುತ್ತೆ. ಚೆನ್ನಾಗಿ ಓಡುವವರನ್ನು ಆರಿಸಿದೆವು ಅಂದುಕೊಂಡು ಎಷ್ಟೋ ಸಲ ಮೊದಲು ಹುಟ್ಟಿದವರನ್ನೇ ಆರಿಸಿರುತ್ತೇವೆ. ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ಮಕ್ಕಳಿಗಾಗಿಯೇ ನಡೆಸೋ ಕಾರ್ಯಕ್ರಮದಲ್ಲೂ ಗುಂಪು ಕಟ್ಟಿ ಆಡಿಸೋದೇ ಜಾಸ್ತಿ. ಪ್ರತಿ ಮಗುವೂ ತನ್ನ ತಂಡಕ್ಕೆ ಪಾಯಿಂಟ್ ತರುತ್ತೆ.

ಮುಂದೆ ಹೋಬಳಿ, ತಾಲ್ಲೂಕು, ಜಿಲ್ಲೆ ಅಂತ ಹೋಗುವಾಗ ಆರಿಸಲೇಬೇಕು, ಅದು ಸರಿ. ನಮ್ಮ ಕೋಲಾರದಲ್ಲಿ ಹುಟ್ಟಿದ ಕೆನ್ನೆತ್ ಪೊವೆಲ್ 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಭಾರತದ ಪರ ಓಡಿದವರು. ಊರಿನ ಮಕ್ಕಳಿಗೆ ಆ ಹೆಸರು ಹೇಳಿಕೊಡಬೇಕು ಅಂತ ನನಗೆ ತುಂಬಾ ಆಸೆ. ಆದರೆ ಎಲ್ಲರೂ ಅವರ ಥರ ಆಗಲಿ ಅಂತ ಅಲ್ಲ. ಓಡೋದು ಅಂದರೆ ಖುಷಿ ಅಂತ ಗೊತ್ತಿರೋ ಮಗು ದೊಡ್ಡದಾದ ಮೇಲೂ ಮೈದಾನಕ್ಕೆ ಬರುತ್ತೆ. ಏಳನೇ ವಯಸ್ಸಿಗೇ "ನಿನಗೆ ಆಗಲ್ಲ" ಅಂತ ಕೇಳಿಸಿಕೊಂಡ ಮಗು ಮತ್ತೆ ಬರೋದು ಕಷ್ಟ.

ಟೈಮ್ ಸಾಕಾಗಲ್ಲ ಅನ್ನೋದು ಶಾಲೆಗಳ ಮಾತು. ಲೆಕ್ಕ ಹಾಕಿ ನೋಡಿ. ಕ್ಲಾಸಿನಲ್ಲಿ 42 ಮಕ್ಕಳಿದ್ದರೆ, ಆರಾರು ಜನರಂತೆ ಏಳು ಓಟ. 50 ಮೀಟರ್ ಮುಗಿಯೋಕೆ ಅರ್ಧ ನಿಮಿಷವೂ ಬೇಡ. ಕರೆದು ಸಾಲಾಗಿ ನಿಲ್ಲಿಸೋದೆಲ್ಲ ಸೇರಿದರೂ ಅರ್ಧ ಗಂಟೆಯೊಳಗೆ ಆಗುತ್ತೆ. ಸುಣ್ಣದ ಗೆರೆ ಎಳೆಯೋಕೆ, ಮಕ್ಕಳನ್ನು ನಿಲ್ಲಿಸೋಕೆ ನಾವೇ ಬರುತ್ತೀವಿ ಅಂತ ಪೋಷಕರ ಮೀಟಿಂಗಿನಲ್ಲಿ ನಾಲ್ಕೈದು ಜನ ಹೇಳಿದ ಮೇಲೆ ಟೀಚರ್‌ಗಳು ಖುಷಿಯಿಂದಲೇ ಒಪ್ಪಿದರು. ನಿಮ್ಮ ಮಕ್ಕಳ ಶಾಲೆಯಲ್ಲೂ ಸ್ಪೋರ್ಟ್ಸ್ ಡೇ ಲಿಸ್ಟ್ ಬರೆಯೋಕೆ ಮೊದಲೇ ಹೋಗಿ ಮಾತಾಡಿ.