ಬಿಳಿ ಅಕ್ಷರದ ರೆಸ್ಯೂಮೆ: ಸ್ಪಷ್ಟನೆ

"ಕೆಲಸದ ಜಾಹೀರಾತನ್ನು ರೆಸ್ಯೂಮೆಯ ಕೊನೆಗೆ ಬಿಳಿ ಅಕ್ಷರದಲ್ಲಿ ಅಂಟಿಸಿ, ಕಂಪ್ಯೂಟರ್ ಆಯ್ಕೆ ಮಾಡಿಯೇ ಮಾಡುತ್ತದೆ" ಎಂಬ ವಾಟ್ಸ್‌ಆ್ಯಪ್ ಸಂದೇಶ ತಪ್ಪು. ಅರ್ಜಿ ಸೋಸುವ ತಂತ್ರಾಂಶ ಬರಿಯ ಪಠ್ಯವನ್ನು ಹೊರತೆಗೆಯುವಾಗ ಬಣ್ಣ ಉಳಿಯುವುದಿಲ್ಲ. ಬಚ್ಚಿಟ್ಟ ಸಾಲುಗಳು ನೇಮಕಾತಿ ಸಿಬ್ಬಂದಿಗೆ ಕಪ್ಪಾಗಿಯೇ ಕಾಣಬಹುದು. ಆಮೇಲೆ ಸಮಜಾಯಿಷಿ ಕೊಡುವವರು ಯಾರು?

ನಿಜವಾದ ತೊಡಕು ಬೇರೆ. ಎರಡು ಕಾಲಂ ಇದ್ದರೆ ಎಡಬಲದ ಸಾಲುಗಳು ಕಲಸಿಹೋಗಬಹುದು. ಪುಟದ ಮೇಲಂಚಿನ ಹೆಡರ್‌ನಲ್ಲಿಟ್ಟ ಮೊಬೈಲ್ ಸಂಖ್ಯೆ ಕೆಲವು ತಂತ್ರಾಂಶಗಳ ಕಣ್ಣಿಗೇ ಬೀಳದು. ಸ್ಕ್ಯಾನ್ ಮಾಡಿದ ಪಿಡಿಎಫ್ ಸಾಮಾನ್ಯವಾಗಿ ಬರೀ ಚಿತ್ರ, ಅದರಿಂದ ಪಠ್ಯ ಹೊರತೆಗೆಯುವುದು ಕಷ್ಟ. ಯೂನಿಕೋಡ್ ಅಲ್ಲದ ಹಳೆಯ 'ನುಡಿ' ಫಾಂಟಿನ ಕನ್ನಡವಂತೂ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗುತ್ತದೆ. ಕಳುಹಿಸುವ ಮೊದಲು ಪಿಡಿಎಫ್‌ನಲ್ಲಿ ಕಂಟ್ರೋಲ್-ಎ, ಕಂಟ್ರೋಲ್-ಸಿ ಒತ್ತಿ, ನೋಟ್‌ಪ್ಯಾಡ್‌ಗೆ ಅಂಟಿಸಿ ಓದಿನೋಡಿ. ಜಾಹೀರಾತು 'ಜಿಎಸ್‌ಟಿ ರಿಟರ್ನ್' ಎಂದಿದ್ದು, ಆ ಕೆಲಸ ನೀವು ಮಾಡಿದ್ದರೆ, ಅದೇ ಪದವನ್ನು ಅನುಭವದ ಸಾಲಿನಲ್ಲೇ ಬರೆಯಿರಿ, ಕಪ್ಪು ಅಕ್ಷರದಲ್ಲಿ.